ಮೇಲ್ ಮರ್ಜ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ವರ್ಕ್‌ಶಾಪ್ ಮುಗಿದು ಎಲ್ಲರೂ ಮನೆಗೆ ಹೋದ ಮೇಲೂ ಮುಗಿಯದ ಕೆಲಸ ಅಂದ್ರೆ ಸರ್ಟಿಫಿಕೇಟ್. 180 ಜನ ಬಂದಿದ್ದರು ಅಂತ ಇಟ್ಕೊಳ್ಳಿ. ಎರಡನೇ ದಿನ ಒಂದು ಕ್ವಿಜ್ ಇತ್ತು, ಅದರ ಅಂಕವನ್ನೂ ಸರ್ಟಿಫಿಕೇಟ್‌ನಲ್ಲಿ ಹಾಕಬೇಕು. ಹೆಸರು, ಯುಎಸ್‌ಎನ್, ಅಂಕ, ದಿನಾಂಕ ಇರುವ ಪಟ್ಟಿ ಎಕ್ಸೆಲ್‌ನಲ್ಲಿದೆ, ಮಾದರಿ ವರ್ಡ್‌ನಲ್ಲಿದೆ, ಎರಡನ್ನೂ ಸೇರಿಸೋದು ಮೇಲ್ ಮರ್ಜ್. ಇಷ್ಟು ನಿಮಗೆ ಗೊತ್ತಿರೋದೇ. ಮರ್ಜ್ ಮಾಡೋದನ್ನ ಹೇಳಿಕೊಡೋ ವಿಡಿಯೋಗಳು ಬೇಕಾದಷ್ಟಿವೆ, ಹಾಗಾಗಿ ಅದನ್ನ ಇಲ್ಲಿ ಮತ್ತೆ ಹೇಳಲ್ಲ. ಮಾಡಿದ್ದು ಕೆಲಸ ಮಾಡದೇ ಇದ್ದಾಗ ಏನು ಅನ್ನೋದಷ್ಟೇ ಈ ಬರಹ.

ನಮ್ಮಲ್ಲಿ ಈ ಕೆಲಸ ಒಬ್ಬರದ್ದಾಗಿರಲ್ಲ. ಮಾದರಿ ಮಾಡೋರು ಒಬ್ಬರು, ಪಟ್ಟಿ ಜೋಡಿಸೋರು ಇನ್ನೊಬ್ಬರು, ಪ್ರಿಂಟರ್ ಇರೋದು ವಿಭಾಗದ ಆಫೀಸಿನ ಕಂಪ್ಯೂಟರ್‌ಗೆ. ಫೈಲ್‌ಗಳು ಪೆನ್‌ಡ್ರೈವ್‌ನಲ್ಲೋ ವಾಟ್ಸಾಪ್‌ನಲ್ಲೋ ಕೈಯಿಂದ ಕೈಗೆ ಹೋಗುತ್ತವೆ. ಕೊಂಡಿ ಕಳಚೋದು ಹೆಚ್ಚಾಗಿ ಆ ದಾರಿಯಲ್ಲೇ.

ಮರ್ಜ್‌ನ ತೊಂದರೆಗಳನ್ನ ನಾನು ಎರಡು ಜಾತಿ ಮಾಡ್ತೀನಿ: ಕೂಗುವವು, ಸುಮ್ಮನಿರುವವು. ಪರದೆ ಮೇಲೆ ಎರರ್ ಬಂದರೆ ಅದು ಕೂಗೋ ಜಾತಿ. ಅರ್ಧ ಗಂಟೆ ತಿನ್ನುತ್ತೆ, ಅಷ್ಟೇ. ಎರಡನೆಯದು ಯಾವ ಎರರ್ರೂ ಕೊಡದೆ ಒಬ್ಬರ ಅಂಕವನ್ನ ಖಾಲಿ ಬಿಡುತ್ತೆ, ಇಲ್ಲವೇ ಸೊನ್ನೆ ಮಾಡುತ್ತೆ. ಅದು ಪ್ರಿಂಟ್ ಆಗಿ, ಎಚ್‌ಒಡಿ ಸಹಿಯೂ ಬಿದ್ದು, ಆ ವಿದ್ಯಾರ್ಥಿಯ ಕೈ ಸೇರಿದ ಮೇಲೆ ಗೊತ್ತಾಗೋದು. ಕ್ವಿಜ್‌ಗೆ ಬಾರದವರಿಗೂ ಸೊನ್ನೆ ತೆಗೆದವರಿಗೂ ಎಷ್ಟು ವ್ಯತ್ಯಾಸ ಅಂತ ಇಂಟರ್‌ವ್ಯೂನಲ್ಲಿ ಅದೇ ಕಾಗದ ಮುಂದಿಟ್ಟುಕೊಂಡು ಕೂತವರನ್ನ ಕೇಳಿ.

ಕೊಂಡಿ ಇರೋದು ಎಲ್ಲಿ?

ವರ್ಡ್ ಫೈಲ್ ಒಳಗೆ ನಿಮ್ಮ ಪಟ್ಟಿ ಇರಲ್ಲ. ಪಟ್ಟಿ ಎಲ್ಲಿದೆ ಅನ್ನೋ ವಿಳಾಸ ಇರುತ್ತೆ, ಅದರಿಂದ ಏನು ತರಬೇಕು ಅನ್ನೋ ಒಂದು ಎಸ್‌ಕ್ಯೂಎಲ್ ಸಾಲು ಇರುತ್ತೆ. ನಂಬಿಕೆ ಬರದಿದ್ರೆ ಮಾದರಿ ಫೈಲಿನ ಒಂದು ಪ್ರತಿ ಮಾಡಿ, ಡಾಕ್ಸ್ ಅನ್ನೋ ಎಕ್ಸ್‌ಟೆನ್ಷನ್ ತೆಗೆದು ಜಿಪ್ ಅಂತ ಹಾಕಿ ತೆರೆದು ನೋಡಿ. ವರ್ಡ್ ಅನ್ನೋ ಫೋಲ್ಡರಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಮೇಲ್ ಮರ್ಜ್ ಅನ್ನೋ ಟ್ಯಾಗ್ ಸಿಗುತ್ತೆ. ಅದರೊಳಗೆ ಕನೆಕ್ಷನ್ ಸ್ಟ್ರಿಂಗ್, ಕ್ವೆರಿ, ಮತ್ತು ಮಾದರಿ ಮಾಡಿದವರ ಲ್ಯಾಪ್‌ಟಾಪಿನ ಪೂರ್ತಿ ಪಾತ್, ಡ್ರೈವ್ ಅಕ್ಷರದಿಂದ ಹಿಡಿದು. ಡಿಬಿಎಂಎಸ್ ಲ್ಯಾಬ್‌ನಲ್ಲಿ ಬರೆದ ಸೆಲೆಕ್ಟ್ ಸ್ಟೇಟ್‌ಮೆಂಟ್ ಇಲ್ಲೂ ಸಿಕ್ಕಿತಲ್ಲ ಅಂತ ಸ್ವಲ್ಪ ಖುಷಿನೂ ಆಗುತ್ತೆ.

ಇದನ್ನ ಒಮ್ಮೆ ನೋಡಿದವರಿಗೆ ಅರ್ಧ ಎರರ್‌ಗಳು ತಾವಾಗಿಯೇ ಅರ್ಥ ಆಗ್ತವೆ. ಡೇಟಾ ಸೋರ್ಸ್ ಸಿಗ್ತಿಲ್ಲ ಅಂತ ವರ್ಡ್ ಹೇಳಿದ್ರೆ, ಆ ಹಳೇ ಪಾತ್‌ನಲ್ಲಿ ಫೈಲ್ ಇಲ್ಲ ಅಂತ ಮಾತ್ರ ಅರ್ಥ. ಪಟ್ಟಿ ಹಾಳಾಗಿದೆ ಅಂತಲ್ಲ. ಜಿಪ್ ಫೈಲನ್ನ ಬಿಚ್ಚದೆ ಅದರೊಳಗಿಂದಲೇ ಡಬಲ್ ಕ್ಲಿಕ್ ಮಾಡಿ ತೆರೆದರೂ ಇದೇ ಕತೆ. ಆಗ ಫೈಲ್ ತೆರೆಯೋದು ಯಾವುದೋ ತಾತ್ಕಾಲಿಕ ಫೋಲ್ಡರಿನಿಂದ. ಒನ್‌ಡ್ರೈವ್‌ನಲ್ಲಿ ಇಟ್ಟ ಪಟ್ಟಿಯೂ ಆಗಾಗ ತಕರಾರು ಮಾಡುತ್ತೆ. ಮರ್ಜ್ ಮಾಡೋ ದಿನ ಎರಡೂ ಫೈಲನ್ನ ಆ ಕಂಪ್ಯೂಟರಿನದೇ ಒಂದು ಸಾದಾ ಫೋಲ್ಡರಿಗೆ ಹಾಕಿಕೊಂಡು ಶುರು ಮಾಡೋದು ಒಳ್ಳೇದು.

ಮಾದರಿ ತೆರೆದಾಗ ಒಂದು ಎಸ್‌ಕ್ಯೂಎಲ್ ಕಮಾಂಡ್ ಓಡಿಸಲಾ ಅಂತ ಕೇಳೋ ಪೆಟ್ಟಿಗೆ ಬರುತ್ತಲ್ಲ, ಅದನ್ನ ವೈರಸ್ ಅಂದುಕೊಂಡು ‘ನೋ’ ಒತ್ತೋರು ಬಹಳ. ಒತ್ತಿದ್ರೆ ಕೊಂಡಿ ಕಳಚುತ್ತೆ. ಫೀಲ್ಡ್‌ಗಳು ಇದ್ದಲ್ಲೇ ಇರ್ತವೆ, ಆದ್ರೆ ಪ್ರಿವ್ಯೂ ಬಟನ್ ಮಂಕಾಗಿರುತ್ತೆ. ಹಾಗೇ ಸೇವ್ ಮಾಡಿಬಿಟ್ರೆ ಮತ್ತೆ ಕೈಯಾರೆ ಜೋಡಿಸಬೇಕು. ನಿಮ್ಮದೇ ತಂಡದ ಫೈಲ್ ಆಗಿದ್ರೆ ‘ಯೆಸ್’ ಅನ್ನಿ. ಎಲ್ಲಿಂದ ಬಂತೋ ಗೊತ್ತಿಲ್ಲದ ಫೈಲ್ ಆಗಿದ್ರೆ ಅನ್ನಬೇಡಿ, ಆ ಪ್ರಶ್ನೆ ಇರೋದೇ ಅದಕ್ಕೆ.

ಕೊಂಡಿ ಎಷ್ಟು ಸಲ ಸರಿ ಮಾಡಿದ್ರೂ ಕಾಡ್ತಾ ಇದ್ರೆ ಒಮ್ಮೆ ಪೂರ್ತಿ ಬಿಚ್ಚಿ. ಮೇಲಿಂಗ್ಸ್ ಟ್ಯಾಬ್‌ನಲ್ಲಿ ‘ಸ್ಟಾರ್ಟ್ ಮೇಲ್ ಮರ್ಜ್’ ಕೆಳಗೆ ‘ನಾರ್ಮಲ್ ವರ್ಡ್ ಡಾಕ್ಯುಮೆಂಟ್’ ಅಂತ ಇದೆ. ಅದನ್ನ ಒತ್ತಿದ್ರೆ ಹಳೇ ವಿಳಾಸ ಹೋಗುತ್ತೆ, ಫೀಲ್ಡ್‌ಗಳು ಉಳಿಯುತ್ತವೆ. ಆಮೇಲೆ ‘ಸೆಲೆಕ್ಟ್ ರೆಸಿಪಿಯೆಂಟ್ಸ್’ನಿಂದ ಹೊಸದಾಗಿ ಪಟ್ಟಿ ತೋರಿಸಿ.

ಅದಕ್ಕೂ ಬಗ್ಗದಿದ್ರೆ ಸರ್ಕ್ಯೂಟ್ ಹುಡುಕೋ ಹಾಗೆ ಭಾಗ ಮಾಡಿ ನೋಡಿ. ಖಾಲಿ ವರ್ಡ್ ಫೈಲ್ ತೆಗೆದು ಅದೇ ಪಟ್ಟಿಗೆ ಜೋಡಿಸಿ. ಕೆಲಸ ಮಾಡಿದ್ರೆ ದೋಷ ನಿಮ್ಮ ಮಾದರಿಯಲ್ಲಿದೆ. ಮಾಡದಿದ್ರೆ ಎರಡು ಕಾಲಂ, ಎರಡು ಸಾಲಿನ ಹೊಸ ಎಕ್ಸೆಲ್ ಫೈಲ್ ಮಾಡಿ ಅದಕ್ಕೆ ಜೋಡಿಸಿ. ಅದು ಬಂದ್ರೆ ದೋಷ ಪಟ್ಟಿಯಲ್ಲಿದೆ. ಅದೂ ಬರದಿದ್ರೆ ಆ ಕಂಪ್ಯೂಟರಿನ ಆಫೀಸ್ ಇನ್‌ಸ್ಟಲೇಷನ್ನೇ ಕೆಟ್ಟಿದೆ ಅಂತ ಲೆಕ್ಕ. ರಿಪೇರ್ ಓಡಿಸಿ, ಇಲ್ಲಾ ಬೇರೆ ಕಂಪ್ಯೂಟರ್ ಹಿಡೀರಿ. ಐದು ನಿಮಿಷದ ಕೆಲಸ, ಆದ್ರೆ ಹೆಚ್ಚಿನವರು ಇದನ್ನ ಬಿಟ್ಟು ಒಂದೇ ಬಟನ್ನನ್ನ ಇಪ್ಪತ್ತು ಸಲ ಒತ್ತುತ್ತಾ ಕೂರ್ತಾರೆ.

ತಲೆಸಾಲಿನ ಗಲಾಟೆ

ಪಟ್ಟಿಯ ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳು ಮಾತ್ರ ಇರಬೇಕು. ನಮ್ಮೋರು ಸೆಲ್‌ಗಳನ್ನ ಮರ್ಜ್ ಮಾಡಿ ಮೇಲೆ ದೊಡ್ಡದಾಗಿ ಕಾಲೇಜಿನ ಹೆಸರು ಬರೀತಾರೆ. ಆಗ ವರ್ಡ್ ಆ ಕಾಲೇಜಿನ ಹೆಸರನ್ನೇ ಮೊದಲ ಫೀಲ್ಡ್ ಅಂದುಕೊಂಡು, ಉಳಿದವಕ್ಕೆ ಎಫ್2, ಎಫ್3 ಅಂತ ತಾನೇ ಹೆಸರಿಡುತ್ತೆ. ಫೀಲ್ಡ್ ಪಟ್ಟಿಯಲ್ಲಿ ಇಂಥ ಹೆಸರು ಕಂಡ್ರೆ ಬೇರೆಲ್ಲೂ ಹುಡುಕಬೇಡಿ, ಮೇಲಿನ ಸಾಲು ಅಳಿಸಿ.

ಗೂಗಲ್ ಫಾರ್ಮ್‌ನಿಂದ ಇಳಿಸಿಕೊಂಡ ಪಟ್ಟಿಯಲ್ಲಿ ಇಡೀ ಪ್ರಶ್ನೆಯೇ ಕಾಲಂ ಹೆಸರಾಗಿರುತ್ತೆ. ವರ್ಡ್ ಫೀಲ್ಡ್ ಹೆಸರನ್ನ 40 ಅಕ್ಷರಕ್ಕೆ ಕತ್ತರಿಸುತ್ತೆ, ಜಾಗ ಬಿಟ್ಟಲ್ಲೆಲ್ಲ ಅಂಡರ್‌ಸ್ಕೋರ್ ಹಾಕುತ್ತೆ. ಕಾಲಂ ಹೆಸರನ್ನ ಒಂದೇ ಪದಕ್ಕೆ ಇಳಿಸಿ, ಆಮೇಲೆ ಅದನ್ನ ಮುಟ್ಟಬೇಡಿ. ಮಾದರಿ ಮಾಡಿದ ಮೇಲೆ ಪಟ್ಟಿ ಜೋಡಿಸೋರು ಅಂದ ಮಾಡಕ್ಕೆ ಹೋಗಿ ಹೆಸರು ಬದಲಿಸಿದ್ರೆ ‘ಇನ್‌ವ್ಯಾಲಿಡ್ ಮರ್ಜ್ ಫೀಲ್ಡ್’ ಅನ್ನೋ ಎರರ್ ಬರುತ್ತೆ.

ಸುಮ್ಮನೆ ಕೆಡುವ ಕಾಲಂ

ಈಗ ನಿಜವಾದ ವಿಷಯಕ್ಕೆ ಬರೋಣ. ಕ್ವಿಜ್‌ಗೆ ಬಂದವರಿಗೆ 14, 17.5 ಹೀಗೆ ಅಂಕ. ಬಾರದವರಿಗೆ ನಮ್ಮ ರೂಢಿಯಂತೆ ‘ಎಬಿ’, ಅಂದ್ರೆ ಆಬ್ಸೆಂಟ್. ಒಂದೇ ಕಾಲಂನಲ್ಲಿ ಸಂಖ್ಯೆಯೂ ಅಕ್ಷರವೂ ಇದೆ. ನಮಗದು ಸಹಜ, ಆದ್ರೆ ಎಕ್ಸೆಲ್‌ಗೂ ವರ್ಡ್‌ಗೂ ನಡುವೆ ನಿಂತಿರೋ ಡ್ರೈವರ್‌ಗೆ ಅಲ್ಲ.

2002ರ ಆವೃತ್ತಿಯಿಂದ ವರ್ಡ್ ರೂಢಿಯಾಗಿ ಬಳಸೋದು ಓಎಲ್ಇ ಡಿಬಿ ಅನ್ನೋ ದಾರಿ. ಡೇಟಾಬೇಸ್ ಅಂದ ಮೇಲೆ ಪ್ರತಿ ಕಾಲಂಗೂ ಒಂದು ಡೇಟಾ ಟೈಪ್ ಇರಲೇಬೇಕು, ಎಕ್ಸೆಲ್‌ನಲ್ಲಿ ಅಂಥ ಕಟ್ಟಳೆ ಇಲ್ಲ. ಹಾಗಾಗಿ ಡ್ರೈವರ್ ಊಹೆ ಮಾಡುತ್ತೆ: ಮೊದಲ 8 ಸಾಲು ನೋಡಿ, ಎಲ್ಲಾ ಸಂಖ್ಯೆ ಆಗಿದ್ರೆ ಇದು ಸಂಖ್ಯೆಯ ಕಾಲಂ ಅಂತ ತೀರ್ಮಾನಿಸುತ್ತೆ. ಆಮೇಲೆ 53ನೇ ಸಾಲಿನಲ್ಲಿ ‘ಎಬಿ’ ಸಿಕ್ಕಿದ್ರೆ ಅದು ಸಂಖ್ಯೆ ಅಲ್ಲ, ಸರ್ಟಿಫಿಕೇಟ್‌ನಲ್ಲಿ ಆ ಜಾಗ ಖಾಲಿ ಬರುತ್ತೆ, ಇಲ್ಲವೇ 0 ಬರುತ್ತೆ. ಅದೇ ಮೊದಲ 8ರೊಳಗೆ ಒಂದು ‘ಎಬಿ’ ಇದ್ದಿದ್ರೆ ಇಡೀ ಕಾಲಂ ಅಕ್ಷರ ಅಂತ ಪರಿಗಣಿಸಿ ಎಲ್ಲವೂ ಸರಿಯಾಗಿ ಬರ್ತಿತ್ತು.

ಇದರ ಪರಿಣಾಮ ವಿಚಿತ್ರ. ಐದು ಜನರ ಟೆಸ್ಟ್ ಪಟ್ಟಿಯಲ್ಲಿ ಸರಿ ಬಂದದ್ದು 180 ಜನರ ಪಟ್ಟಿಯಲ್ಲಿ ಕೆಡುತ್ತೆ. ನಿನ್ನೆ ಸರಿ ಇದ್ದದ್ದು ಇವತ್ತು ಯಾರೋ ಅಂಕದ ಮೇಲೆ ಏರಿಕೆ ಕ್ರಮದಲ್ಲಿ ಸಾರ್ಟ್ ಮಾಡಿದ್ದಕ್ಕೇ ಕೆಡುತ್ತೆ, ಯಾಕಂದ್ರೆ ಎಕ್ಸೆಲ್ ಆಗ ಸಂಖ್ಯೆಗಳನ್ನ ಮೇಲಿಟ್ಟು ಅಕ್ಷರಗಳನ್ನ ಕೆಳಗೆ ತಳ್ಳುತ್ತೆ. ಪಟ್ಟಿಯಲ್ಲಿ ಒಂದು ಅಂಕವೂ ಬದಲಾಗಿಲ್ಲ, ಮರ್ಜ್ ಮಾತ್ರ ಬದಲಾಗಿದೆ.

ಇದಕ್ಕೆ ಅಣ್ಣತಮ್ಮನಂಥ ಇನ್ನೊಂದು ದೋಷ ದಶಮಾಂಶದ್ದು. ಎಕ್ಸೆಲ್‌ನಲ್ಲಿ 9.85 ಅಂತ ಕಾಣೋ ಸಿಜಿಪಿಎ ವರ್ಡ್‌ಗೆ ಬಂದಾಗ 9.8499999999999996 ಆಗಬಹುದು. ಕಾರಣ ನಿಮ್ಮ ಸಿಲಬಸ್‌ನಲ್ಲೇ ಇದೆ: ಐಟ್ರಿಪಲ್ಇ 754 ಪ್ರಕಾರ 64 ಬಿಟ್‌ನ ಬೈನರಿಯಲ್ಲಿ 9.85 ಅನ್ನೋ ಸಂಖ್ಯೆ ಕರಾರುವಾಕ್ಕಾಗಿ ಕೂರಲ್ಲ. ಎಕ್ಸೆಲ್ ತೋರಿಸುವಾಗ ದುಂಡಗೆ ಮಾಡುತ್ತೆ, ಓಎಲ್ಇ ಡಿಬಿ ಮಾತ್ರ ಒಳಗಿರೋದನ್ನ ಹಾಗೇ ಕೊಡುತ್ತೆ. ಸೆಲ್‌ಗೆ ನೀವು ಕೊಟ್ಟ ಫಾರ್ಮ್ಯಾಟ್ ವರ್ಡ್‌ವರೆಗೆ ಬರೋದೇ ಇಲ್ಲ. 85% ಇದ್ದದ್ದು 0.85 ಆಗೋದು, ದಿನಾಂಕದಲ್ಲಿ ತಿಂಗಳು ಮುಂದೆ ಬಂದು ಅಮೆರಿಕದ ರೀತಿ ಆಗೋದು, ಎಲ್ಲಾ ಇದೇ ಕಾರಣಕ್ಕೆ.

ಸಂಖ್ಯೆ ಮತ್ತು ದಿನಾಂಕಕ್ಕೆ ವರ್ಡ್‌ನಲ್ಲೇ ಮದ್ದಿದೆ. ಆಲ್ಟ್ ಮತ್ತು ಎಫ್9 ಒತ್ತಿದ್ರೆ ಫೀಲ್ಡ್‌ನ ಕೋಡ್ ಕಾಣುತ್ತೆ. ಫೀಲ್ಡ್ ಹೆಸರಿನ ಮುಂದೆ, ಮುಚ್ಚೋ ಆವರಣಕ್ಕಿಂತ ಮೊದಲು \# 0.00 ಅಂತ ಸೇರಿಸಿದ್ರೆ ಎರಡು ದಶಮಾಂಶ ಸ್ಥಾನ ಮಾತ್ರ ಉಳಿಯುತ್ತೆ. ದಿನಾಂಕಕ್ಕೆ \@ ಹಾಕಿ, ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ಎರಡು ಸಣ್ಣ ‘ಡಿ’, ಎರಡು ದೊಡ್ಡ ‘ಎಂ’, ನಾಲ್ಕು ಸಣ್ಣ ‘ವೈ’ ಬರೀಬೇಕು. ‘ಎಂ’ ಸಣ್ಣದಾದ್ರೆ ವರ್ಡ್ ಅದನ್ನ ತಿಂಗಳು ಅಂದುಕೊಳ್ಳಲ್ಲ, ನಿಮಿಷ ಅಂದುಕೊಳ್ಳುತ್ತೆ.

ಆದ್ರೆ ‘ಎಬಿ’ ಕಾಲಂಗೆ ಇದು ಸಾಲದು. ವರ್ಡ್‌ಗೆ ಬರುವಷ್ಟರಲ್ಲಿ ಆ ಅಕ್ಷರ ಕಳೆದೇ ಹೋಗಿರುತ್ತೆ, ಮದ್ದನ್ನ ಎಕ್ಸೆಲ್‌ನಲ್ಲೇ ಹಾಕಬೇಕು. ಕಾಲಂ ಆಯ್ಕೆ ಮಾಡಿ ಫಾರ್ಮ್ಯಾಟನ್ನ ‘ಟೆಕ್ಸ್ಟ್’ಗೆ ಬದಲಿಸಿದ್ರೆ ಆಯ್ತಲ್ಲ ಅಂತ ನೀವು ಕೇಳಬಹುದು. ಆಗಲ್ಲ. ಆಗಲೇ ಟೈಪ್ ಮಾಡಿದ ಸಂಖ್ಯೆಗಳು ಒಳಗೆ ಸಂಖ್ಯೆಯಾಗಿಯೇ ಉಳಿಯುತ್ತವೆ. ಅದರ ಬದಲು ಪಕ್ಕದಲ್ಲಿ ಒಂದು ಹೊಸ ಕಾಲಂ ಮಾಡಿ, ಟೆಕ್ಸ್ಟ್ ಅನ್ನೋ ಫಂಕ್ಷನ್‌ಗೆ ಅಂಕದ ಸೆಲ್ ಮತ್ತು "0.00" ಅನ್ನೋ ಫಾರ್ಮ್ಯಾಟ್ ಕೊಟ್ಟು ಕೊನೇ ಸಾಲಿನವರೆಗೆ ಎಳೀರಿ. 17.5 ಇದ್ದದ್ದು 17.50 ಅನ್ನೋ ಅಕ್ಷರಮಾಲೆ ಆಗುತ್ತೆ, ‘ಎಬಿ’ ಇದ್ದದ್ದು ‘ಎಬಿ’ಯಾಗೇ ಬರುತ್ತೆ. ಮರ್ಜ್‌ನಲ್ಲಿ ಈ ಹೊಸ ಕಾಲಂ ಬಳಸಿ. ಒಂದೇ ಎಚ್ಚರ: ಅಂಕದ ಸೆಲ್ ಖಾಲಿ ಬಿಟ್ಟಿದ್ರೆ ಈ ಫಂಕ್ಷನ್ 0.00 ಕೊಡುತ್ತೆ. ಖಾಲಿ ಸೆಲ್‌ಗಳನ್ನ ಮೊದಲೇ ಹುಡುಕಿ ತುಂಬಿ.

ಡಿಡಿಇ ಅನ್ನೋ ಹಳೇ ದಾರಿ ಬಳಸಿದ್ರೆ ಎಕ್ಸೆಲ್‌ನಲ್ಲಿ ಕಂಡಂಗೇ ಬರುತ್ತೆ ಅಂತ ಕೆಲವರು ಹೇಳ್ತಾರೆ. ಮಾತು ನಿಜ. ಆದ್ರೆ ಅದು ಎಕ್ಸೆಲನ್ನೇ ತೆರೆದು ಕೂರಿಸಬೇಕು, ಮೊದಲ ಶೀಟ್ ಮಾತ್ರ ಓದುತ್ತೆ. ಪಟ್ಟಿ ಮೂರು ಕೈ ದಾಟೋ ಕಡೆ ನಾನಂತೂ ಅದನ್ನ ಆರಿಸಲ್ಲ.

ಫಿಲ್ಟರ್ ಬಗ್ಗೆಯೂ ಒಂದು ಮಾತು. ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಿ ಮರೆಮಾಡಿದ ಸಾಲುಗಳು ಮರ್ಜ್‌ಗೆ ಬಂದೇ ಬರ್ತವೆ. ಒಂದೇ ಬ್ರಾಂಚಿನವರಿಗೆ ಬೇಕಿದ್ರೆ ವರ್ಡ್‌ನ ‘ಎಡಿಟ್ ರೆಸಿಪಿಯೆಂಟ್ ಲಿಸ್ಟ್’ನಲ್ಲಿ ಫಿಲ್ಟರ್ ಹಾಕಿ. ಎಕ್ಸೆಲ್‌ನಲ್ಲಿ ತಿದ್ದಿದ್ದನ್ನ ಸೇವ್ ಮಾಡಿ, ಮುಚ್ಚಿ, ಆಮೇಲೆ ಮರ್ಜ್‌ಗೆ ಕೈ ಹಾಕಿ.

ಕನ್ನಡದ ಹೆಸರುಗಳು

ರಾಜ್ಯೋತ್ಸವದ ಬಹುಮಾನ ಪತ್ರ ಕನ್ನಡದಲ್ಲೇ ಇರಬೇಕಲ್ವಾ? ಪಟ್ಟಿಯನ್ನ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ, ಸೆಲ್ ಒಳಗಿರೋದು ಕನ್ನಡ ಅಕ್ಷರ ಅಲ್ಲ, ಫಾಂಟ್‌ನಿಂದ ಕನ್ನಡದ ಹಾಗೆ ಕಾಣೋ ಬೇರೆ ಸಂಕೇತಗಳು. ಮರ್ಜ್ ತರೋದು ಸಂಕೇತವನ್ನ, ಫಾಂಟನ್ನಲ್ಲ. ಹಾಗಾಗಿ ಸರ್ಟಿಫಿಕೇಟ್‌ನಲ್ಲಿ ಹೆಸರಿನ ಜಾಗದಲ್ಲಿ ಗೀಚಿದಂಥ ಇಂಗ್ಲಿಷ್ ಅಕ್ಷರಗಳು ಬರ್ತವೆ. ಮಾದರಿಯ ಆ ಫೀಲ್ಡ್‌ಗೂ ಅದೇ ಫಾಂಟ್ ಕೊಟ್ರೆ ಇವತ್ತಿಗೆ ಪಾರು. ಪಟ್ಟಿಯನ್ನ ಯೂನಿಕೋಡ್‌ಗೆ ಪರಿವರ್ತಿಸಿಕೊಂಡ್ರೆ ಮುಂದಿನ ವರ್ಷಕ್ಕೂ ಪಾರು.

ಯೂನಿಕೋಡ್ ಪಟ್ಟಿಯನ್ನ ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಅಂತ ಉಳಿಸಿದ್ರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಬಿಡ್ತವೆ, ಆ ಫೈಲಿನಿಂದ ಅವನ್ನ ಮತ್ತೆ ಪಡೆಯೋಕೆ ಆಗಲ್ಲ. ಸಿಎಸ್‌ವಿಯೇ ಬೇಕಾದ್ರೆ ಯುಟಿಎಫ್-8 ಅಂತ ಇರೋದನ್ನ ಆರಿಸಿ, ವರ್ಡ್ ಎನ್‌ಕೋಡಿಂಗ್ ಕೇಳಿದಾಗಲೂ ಅದನ್ನೇ ಹೇಳಿ.

ಲಿನಕ್ಸ್ ಲ್ಯಾಬಿನಲ್ಲಿ ಲಿಬ್ರೆ ಆಫೀಸ್ ಬಳಸೋರಿಗೆ ಕೊಂಡಿಯ ಬಗೆ ಬೇರೆ. ಅಲ್ಲಿ ಡೇಟಾ ಸೋರ್ಸನ್ನ ಒಂದು ಹೆಸರಿನಲ್ಲಿ ನೋಂದಾಯಿಸಿರ್ತಾರೆ, ಡಾಕ್ಯುಮೆಂಟ್ ನೆನಪಿಟ್ಟುಕೊಳ್ಳೋದು ಆ ಹೆಸರನ್ನ. ಬೇರೆ ಕಂಪ್ಯೂಟರಿನಲ್ಲಿ ಆ ಹೆಸರು ನೋಂದಣಿ ಆಗಿರಲ್ಲ. ಅಲ್ಲಿ ಪಟ್ಟಿಯನ್ನ ಮತ್ತೆ ನೋಂದಾಯಿಸಿ, ಎಡಿಟ್ ಮೆನುವಿನ ‘ಎಕ್ಸ್‌ಚೇಂಜ್ ಡೇಟಾಬೇಸ್’ನಿಂದ ಹೊಸದಕ್ಕೆ ಬದಲಿಸಿಕೊಳ್ಳಿ.

ಪ್ರಿಂಟ್‌ಗೆ ಮುಂಚೆ

ನೇರ ಪ್ರಿಂಟರ್‌ಗೆ ಕಳಿಸಬೇಡಿ. ‘ಎಡಿಟ್ ಇಂಡಿವಿಜುಯಲ್ ಡಾಕ್ಯುಮೆಂಟ್ಸ್’ ಒತ್ತಿ ಮೊದಲು ಹೊಸ ಫೈಲ್‌ಗೆ ಮರ್ಜ್ ಮಾಡಿ. ಪುಟಗಳ ಸಂಖ್ಯೆ ಪಟ್ಟಿಯ ಜನಸಂಖ್ಯೆಗೆ ಸರಿ ಇದೆಯಾ ನೋಡಿ. ಜಾಸ್ತಿ ಇದ್ರೆ ಪಟ್ಟಿಯ ಕೊನೆಯಲ್ಲಿ ಖಾಲಿ ಸಾಲುಗಳಿವೆ, ಇಲ್ಲಾ ಯಾರದ್ದೋ ಉದ್ದ ಹೆಸರು ಎರಡನೇ ಪುಟಕ್ಕೆ ಜಾರಿದೆ. ಆಮೇಲೆ ಎಕ್ಸೆಲ್‌ನಲ್ಲಿ ಎಷ್ಟು ‘ಎಬಿ’ ಇವೆ ಅಂತ ಎಣಿಸಿ, ಮರ್ಜ್ ಆದ ಫೈಲಿನಲ್ಲಿ ಅದನ್ನೇ ಇಡೀ ಪದವಾಗಿ, ದೊಡ್ಡ ಅಕ್ಷರ ಹೊಂದುವ ಹಾಗೆ ಹುಡುಕಿ. ಅಲ್ಲಿ 11, ಇಲ್ಲಿ 11 ಬಂದ್ರೆ ಪ್ರಿಂಟ್ ಕೊಡಿ. ಇಲ್ಲಿ 3 ಬಂದ್ರೆ ಉಳಿದ 8 ಜನರ ಸರ್ಟಿಫಿಕೇಟ್ ತೆರೆದು ಅಂಕದ ಜಾಗ ನೋಡಿ.