ಬಾಸ್ಕೆಟ್‌ಬಾಲಿನಲ್ಲಿ ಘೋರ ಫೌಲ್: ತೀರ್ಪುಗಾರರು ಅದನ್ನು ಗುರುತಿಸುವ ಬಗೆ

ಹುತುತು ಆಟದಲ್ಲಿ ಎದುರಾಳಿಯನ್ನು ಮುಟ್ಟುವುದೂ ಹಿಡಿಯುವುದೂ ಆಟದ ಜೀವಾಳ. ಬಾಸ್ಕೆಟ್‌ಬಾಲಿನಲ್ಲಿ ಹಾಗಲ್ಲ, ಅಲ್ಲಿ ಹೋರಾಟವೆಲ್ಲ ಚೆಂಡಿಗಾಗಿ. ಆದರೂ 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಳದಲ್ಲಿ ಹತ್ತು ಮಂದಿ ಓಡುತ್ತ, ಹಾರುತ್ತ, ತಿರುಗುತ್ತ ಆಡುವಾಗ ಮೈಗೆ ಮೈ ತಗಲದೆ ಇರಲಾರದು. ಆದುದರಿಂದ ತಗಲಿದುದೆಲ್ಲ ಅಪರಾಧವಲ್ಲ. ಅಪರಾಧಗಳೆಲ್ಲ ಒಂದೇ ತೂಕದವೂ ಅಲ್ಲ. ನಮ್ಮ ಅಂಧೇರಿಯ ಬಾಲಕ ಬಾಲಕಿಯರು ಶಾಲೆಗಳ ಪಂದ್ಯಾಟವನ್ನು ನೋಡುವಾಗ ಅವರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಒಮ್ಮೆ ಜೋರಾಗಿ ತಾಗಿದವನಿಗೆ ಸಾಮಾನ್ಯ ಫೌಲ್ ಮಾತ್ರ. ಇನ್ನೊಮ್ಮೆ ಹಿಂದಿನಿಂದ ಅಂಗಿಯನ್ನು ಎಳೆದವನಿಗೆ ಅದಕ್ಕಿಂತ ದೊಡ್ಡ ದಂಡ. ಇದೇಕೆ? ತೀರ್ಪುಗಾರರು ಮನಬಂದಂತೆ ಸಿಳ್ಳು ಊದುವರೆ? ಇದನ್ನು ಸ್ವಲ್ಪ ವಿಚಾರಿಸೋಣ.

ಈ ಆಟ ಹುಟ್ಟಿದುದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ. ಅಲ್ಲಿಯ ಶಿಕ್ಷಕರಾದ ಜೇಮ್ಸ್ ನೈಸ್ಮಿತ್ ಅವರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ತಕ್ಕ ಆಟವೊಂದನ್ನು ರೂಪಿಸಿ, ಅದಕ್ಕೆ ಹದಿಮೂರು ನಿಯಮಗಳನ್ನು ಬರೆದರು. ಎದುರಾಳಿಯನ್ನು ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ಇವನ್ನೆಲ್ಲ ಐದನೆಯ ನಿಯಮವು ನಿಷೇಧಿಸಿತು. ಪೆಟ್ಟು ಕೊಡುವ ಉದ್ದೇಶ ಸ್ಪಷ್ಟವಾಗಿದ್ದರೆ ಆಟಗಾರನು ಇಡೀ ಪಂದ್ಯದಿಂದ ಹೊರಗೆ. ಅವನ ಬದಲು ಬೇರೊಬ್ಬನನ್ನು ಇಳಿಸುವಂತೆಯೂ ಇರಲಿಲ್ಲ. ಹೀಗೆ ಸಾಮಾನ್ಯ ತಪ್ಪಿಗೂ ಘೋರ ತಪ್ಪಿಗೂ ಇರುವ ಭೇದವು ಆಟದೊಡನೆಯೇ ಹುಟ್ಟಿತೆನ್ನಬಹುದು.

ಮುಂಬಯಿಯಲ್ಲಿ ಈ ಆಟಕ್ಕೆ ಹೆಸರಾದ ಪ್ರದೇಶ ನಾಗಪಾಡಾ. ಅಲ್ಲಿ ಆಡಿ ಬೆಳೆದ ಅಬ್ಬಾಸ್ ಮುಂತಸಿರ್ ಅವರು ಭಾರತ ತಂಡದ ನಾಯಕರಾದರು. 1970ರ ಅರ್ಜುನ ಪ್ರಶಸ್ತಿಗೂ ಪಾತ್ರರಾದರು. ನಮ್ಮ ದೇಶದಲ್ಲಿ ಅನುಸರಿಸುವುದು 1932ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮಗಳನ್ನು. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಘೋರ ತಪ್ಪನ್ನು ಫ್ಲೇಗ್ರಂಟ್ ಫೌಲ್ ಎಂದು ಕರೆದು, ಅದರಲ್ಲಿ ಎರಡು ದರ್ಜೆಗಳನ್ನು ಮಾಡಿದ್ದಾರೆ. ಅನಗತ್ಯವಾದ ತಾಗು ಮೊದಲನೆಯದು; ಅನಗತ್ಯವೂ ಮಿತಿಮೀರಿದುದೂ ಆದ ತಾಗು ಎರಡನೆಯದು. ಫಿಬಾ ನಿಯಮಗಳಲ್ಲಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್, ಎಂದರೆ ಕ್ರೀಡಾಧರ್ಮಕ್ಕೆ ಒಪ್ಪದ ಫೌಲ್ ಎಂದೂ, ಅದಕ್ಕಿಂತ ಮೇಲೆ ಡಿಸ್‌ಕ್ವಾಲಿಫೈಯಿಂಗ್, ಎಂದರೆ ಆಟದಿಂದಲೇ ಹೊರಹಾಕುವ ಫೌಲ್ ಎಂದೂ ಹೆಸರು.

ಮೊದಲು ಸಾಮಾನ್ಯ ಫೌಲನ್ನು ತಿಳಿಯೋಣ. ಪ್ರತಿಯೊಬ್ಬ ಆಟಗಾರನ ಸುತ್ತಲೂ ಕಣ್ಣಿಗೆ ಕಾಣದ ಕಂಬವೊಂದು ನಿಂತಿದೆಯೆಂದು ಭಾವಿಸಿರಿ. ಅಷ್ಟು ಜಾಗ ಅವನದು. ಅದರೊಳಕ್ಕೆ ನುಗ್ಗಿ ತಾಗಿ ಅವನ ಆಟವನ್ನು ಕೆಡಿಸಿದವನದು ಫೌಲ್. ಚೆಂಡನ್ನು ತಡೆಯಲು ಹೋದ ಕೈ ಕ್ಷಣಮಾತ್ರ ತಡವಾಗಿ ಎದುರಾಳಿಯ ತೋಳಿಗೆ ತಗಲಿದರೆ ಅದು ಇಂತಹ ತಪ್ಪು. ಇದರಲ್ಲಿ ಕೌಶಲದ ಕೊರತೆ ಇದೆ, ಕ್ರೌರ್ಯವಿಲ್ಲ. ಇಂತಹ ಐದು ತಪ್ಪುಗಳಾದರೆ ಆಟಗಾರನು ಆ ಪಂದ್ಯವನ್ನು ಬಿಡಬೇಕಾಗುತ್ತದೆ.

ಘೋರ ಫೌಲನ್ನು ಗುರುತಿಸುವಾಗ ತೀರ್ಪುಗಾರರು ತಮ್ಮಲ್ಲಿಯೇ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ.

ಒಂದು: ತಾಗಿದವನು ನಿಜವಾಗಿ ಚೆಂಡಿಗಾಗಿ ಯತ್ನಿಸಿದನೆ? ಅವನ ಕೈ ಚೆಂಡಿನ ಕಡೆಗೆ ಹೋಯಿತೆ, ಎದುರಾಳಿಯ ಸೊಂಟಕ್ಕೋ ಅಂಗಿಗೋ ಹೋಯಿತೆ?

ಎರಡು: ತಾಗಿದ ಬಲ ಎಷ್ಟು? ಚೆಂಡಿಗಾಗಿಯೇ ಕೈ ಚಾಚಿದ್ದರೂ ಹೊಡೆತವು ಮಿತಿಮೀರಿದ್ದರೆ ಕ್ಷಮೆಯಿಲ್ಲ. ತೋಳನ್ನು ದೂರದಿಂದ ಬೀಸಿ ತಂದನೆ, ತಗಲಿದ ಮೇಲೂ ತಡೆಯದೆ ಮುಂದಕ್ಕೆ ನೂಕಿದನೆ, ತಗಲಿದುದು ತಲೆಗೋ ಮುಖಕ್ಕೋ ಎಂಬುದನ್ನು ನೋಡಬೇಕು.

ಮೂರು: ಎದುರುಪಕ್ಷವು ಚೆಂಡನ್ನು ಪಡೆದು ವೇಗವಾಗಿ ಮುಂದೆ ಸಾಗುತ್ತಿರುವಾಗ, ಅದನ್ನು ನಿಲ್ಲಿಸಲೆಂದೇ ಅನಗತ್ಯವಾಗಿ ತಾಗಿದನೆ?

ನಾಲ್ಕು: ಬುಟ್ಟಿಯ ಕಡೆಗೆ ಸಾಗುವವನ ಮುಂದೆ ಎದುರಾಳಿ ಯಾರೂ ಇಲ್ಲದಿರುವಾಗ, ಹಿಂದಿನಿಂದಾಗಲಿ ಪಕ್ಕದಿಂದಾಗಲಿ ಅವನನ್ನು ಅಕ್ರಮವಾಗಿ ತಾಗಿದನೆ?

ಇವುಗಳಲ್ಲಿ ಒಂದಕ್ಕೆ ಸಿಕ್ಕಿಬಿದ್ದರೂ ಅದು ಕ್ರೀಡಾಧರ್ಮಕ್ಕೆ ಒಪ್ಪದ ಫೌಲ್. ಮೆಲ್ಲಗೆ ಅಂಗಿಯನ್ನೆಳೆದವನಿಗೂ ದೊಡ್ಡ ದಂಡವೇಕೆ ಎಂಬುದು ಈಗ ತಿಳಿಯುತ್ತದೆ. ಅವನು ನೋಯಿಸಲಿಲ್ಲ, ನಿಜ. ಆದರೆ ಆಡಿ ತಡೆಯಲಾರದುದನ್ನು ಹಿಡಿದು ತಡೆದನು. ಇನ್ನು ಗುದ್ದುವುದು, ಒದೆಯುವುದು ಮೊದಲಾದ ನಿರ್ಲಜ್ಜ ಕೃತ್ಯಗಳಿಗೆ ಹೊರಹಾಕುವುದೊಂದೇ ದಂಡ.

ಇಲ್ಲಿ ಮುಖ್ಯವಾದ ಮಾತೊಂದುಂಟು. ನೈಸ್ಮಿತ್ ಅವರ ನಿಯಮವು ಉದ್ದೇಶವನ್ನು ಕೇಳಿತು. ಆದರೆ ಒಬ್ಬನ ಮನಸ್ಸಿನೊಳಗೆ ಇಣುಕಿ ನೋಡುವುದು ಯಾರಿಂದ ಸಾಧ್ಯ? ಇಂದಿನ ನಿಯಮವು ಕಣ್ಣಿಗೆ ಕಾಣುವ ಕೃತ್ಯವನ್ನು ಅಳೆಯುತ್ತದೆ. “ನಾನು ಬೇಕೆಂದು ಮಾಡಲಿಲ್ಲ” ಎಂಬ ಮಾತು ಸತ್ಯವೇ ಇರಬಹುದು. ಆದರೆ ಬೀಸಿದ ಮೊಣಕೈ ಬೀಸಿದ ಮೊಣಕೈಯೇ. ಹಾಗೆಯೇ ಗಾಯವೊಂದೇ ಅಳತೆಗೋಲಲ್ಲ. ಸರಿಯಾಗಿ ಚೆಂಡನ್ನೇ ತಡೆದಾಗಲೂ ಎದುರಾಳಿ ಜಾರಿ ಬಿದ್ದು ನೋವು ಪಡಬಹುದು, ಅಲ್ಲಿ ಫೌಲಿಲ್ಲ. ಪ್ರೇಕ್ಷಕರ ಕೂಗು ಬಿದ್ದವನನ್ನು ನೋಡಿ ಏಳುತ್ತದೆ; ತೀರ್ಪು ತಾಗಿದ ಬಗೆಯನ್ನು ನೋಡಿ ಹೊರಡಬೇಕು.

ಅದಕ್ಕಾಗಿಯೇ ತೀರ್ಪುಗಾರರು ಸದಾ ಓಡುತ್ತಿರುತ್ತಾರೆ. ಒಂದು ಪಂದ್ಯಕ್ಕೆ ಇಬ್ಬರು ಅಥವಾ ಮೂವರು ತೀರ್ಪುಗಾರರಿರುತ್ತಾರೆ. ಒಬ್ಬರು ಬುಟ್ಟಿಯ ಕೆಳಗಿನ ಗೆರೆಯ ಬಳಿ, ಇನ್ನೊಬ್ಬರು ಆಟದ ಹಿಂದೆ ನಿಂತು ಇಬ್ಬರು ಆಟಗಾರರ ನಡುವಣ ತೆರಪನ್ನು ನೋಡುತ್ತಾರೆ. ಒಬ್ಬನ ಬೆನ್ನ ಹಿಂದೆ ನಿಂತರೆ ಕೈ ಚೆಂಡಿಗೆ ತಗಲಿತೋ ತೋಳಿಗೆ ತಗಲಿತೋ ಕಾಣದು. ಪಕ್ಕದಿಂದ ನೋಡಿದರೆ ಕಾಣುತ್ತದೆ. ತಪ್ಪನ್ನು ಕಂಡೊಡನೆ ಸಿಳ್ಳು ಊದಿ ಮುಷ್ಟಿ ಬಿಗಿದು ಕೈಯನ್ನು ಮೇಲೆತ್ತುವುದು ಫೌಲಿನ ಸಂಜ್ಞೆ. ಎತ್ತಿದ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದರೆ ಅದು ಕ್ರೀಡಾಧರ್ಮಕ್ಕೆ ಒಪ್ಪದ ಫೌಲ್. ಎರಡೂ ಮುಷ್ಟಿಗಳನ್ನು ಮೇಲೆತ್ತಿದರೆ ಆಟಗಾರನು ಹೊರಗೆ ಹೋಗಬೇಕು. ಸಂದೇಹ ಬಂದರೆ ತೀರ್ಪುಗಾರರು ತಮ್ಮೊಳಗೆ ವಿಚಾರಿಸಿಕೊಳ್ಳಬಹುದು. ದೊಡ್ಡ ಪಂದ್ಯಗಳಲ್ಲಿ ವೀಡಿಯೋ ಚಿತ್ರವನ್ನು ಮತ್ತೆ ನೋಡಿ ತಪ್ಪಿನ ದರ್ಜೆಯನ್ನು ಏರಿಸಲೂ ಇಳಿಸಲೂ ಅವಕಾಶವಿದೆ. ಶಾಲೆಯ ಅಂಗಳದಲ್ಲಿ ಆ ಸೌಕರ್ಯವಿಲ್ಲ; ಅಲ್ಲಿ ಕಣ್ಣೂ ಸ್ಥಾನವೂ ಧೈರ್ಯವೂ ಮಾತ್ರ ಸಾಧನಗಳು.

ದಂಡದಲ್ಲಿಯೂ ವಿವೇಕವಿದೆ. ಅನ್ಯಾಯಕ್ಕೊಳಗಾದ ಪಕ್ಷಕ್ಕೆ ತಡೆಯಿಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ ದೊರೆಯುತ್ತದೆ. ಅದಾದ ಮೇಲೆ ಚೆಂಡೂ ಅವರಿಗೇ. ತಪ್ಪು ಮಾಡಿ ಲಾಭ ಪಡೆಯಬಾರದೆಂಬುದೇ ಇದರ ತಿರುಳು. ಒಂದೇ ಪಂದ್ಯದಲ್ಲಿ ಇಂತಹ ತಪ್ಪನ್ನು ಎರಡು ಸಲ ಮಾಡಿದವನು ಹೊರಗೆ ನಡೆಯಬೇಕು.

ವಿದ್ಯಾರ್ಥಿಮಿತ್ರರೇ, ಬುಟ್ಟಿಯ ಬಳೆಯು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ. ಅದರತ್ತ ಹಾರಿದವನ ಕಾಲಿಗೆ ಆಧಾರವಿಲ್ಲ. ಕಣ್ಣು ಬುಟ್ಟಿಯ ಮೇಲೆ, ಕೈ ಚೆಂಡಿನ ಮೇಲೆ. ಆ ಗಳಿಗೆಯಲ್ಲಿ ಅವನು ತನ್ನನ್ನು ತಾನು ಕಾಪಾಡಿಕೊಳ್ಳಲಾರನು. ಎದುರಾಳಿಯ ಸಂಯಮವೇ ಅವನಿಗೆ ರಕ್ಷೆ. ನಮ್ಮ ಉಪನಗರದ ಶಾಲೆಗಳಲ್ಲಿ ಜಾಗ ಕಿರಿದು. ಎಷ್ಟೋ ಕಡೆ ನೆಲ ಸಿಮೆಂಟಿನದು, ಗೆರೆಯಿಂದಾಚೆ ಸ್ವಲ್ಪದರಲ್ಲಿಯೇ ಗೋಡೆ. ಮರದ ನೆಲದ ಮೇಲೆ ತರಚುಗಾಯವಾಗುವ ಬೀಳುವಿಕೆ ಇಲ್ಲಿ ಮೂಳೆಯನ್ನೇ ಮುರಿಯಬಹುದು. ಆದುದರಿಂದ ಸಿಳ್ಳು ಕೇಳಿದಾಗ ಮುನಿಯದೆ, ಅದು ನಾಳೆ ನಮ್ಮನ್ನೂ ಕಾಯುವ ಧ್ವನಿಯೆಂದು ತಿಳಿಯೋಣ. ತೀರ್ಪುಗಾರರ ಕಣ್ಣು ಎಲ್ಲ ಕಡೆಗೂ ಹೋಗದು. ಅವರು ಕಾಣದ ಕಡೆಯಲ್ಲಿಯೂ ಕೈಯನ್ನು ತಡೆಹಿಡಿಯಬಲ್ಲವನೇ ಒಳ್ಳೆಯ ಆಟಗಾರ.