392 ಮೀಟರಿನ ಮುಳ್ಳು

ನವನಗರ, ಬಾಗಲಕೋಟೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಫೋಟೋಗಳನ್ನು ಮೊಮ್ಮಗಳು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಇಳಕಲ್ಲಿನ ಮನೆಯ ಅಟ್ಟದ ಮೇಲೆ ನಿನಗೆ ಸಿಕ್ಕಿದ್ದು ನಮ್ಮಣ್ಣ, ಅಂದರೆ ನಿನ್ನ ಮುತ್ಯಾ, 1964ರಲ್ಲಿ ಕೊಂಡು ತಂದ ರೇಡಿಯೋ. ಹೆಸರಿನ ತಗಡು ಕಿತ್ತುಹೋಗಿದ್ದರೂ ಸ್ಪೀಕರಿನ ಮುಂದಿನ ಬಟ್ಟೆಯ ಮೇಲಿರುವ ಸುಣ್ಣದ ಕಲೆ ನೋಡಿ ಗುರುತು ಹಿಡಿದೆ. ಅದನ್ನು ನಿನ್ನ ಕೈಯಾರೆ ರಿಪೇರಿ ಮಾಡುತ್ತೇನೆ ಅಂದೆಯಲ್ಲ, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅರ್ಧ ಸಂತೋಷಕ್ಕೆ, ಅರ್ಧ ಹೆದರಿಕೆಗೆ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೆಲಸಕ್ಕೆ ಕೂಡುವಾಗ ಪಕ್ಕದಲ್ಲಿ ಇಟ್ಟುಕೋ.

ಹೆದರಿಕೆಯ ಮಾತು ಮೊದಲು. ಪ್ಲಗ್ ಹಾಕಬೇಡ. ಒಮ್ಮೆ ಹಚ್ಚಿ ನೋಡೋಣ ಅನ್ನುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಗಿತ್ತು. ಹಳೇ ಬಾಗಲಕೋಟೆಯ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಹುನಗುಂದದ ಕಡೆಯ ರೈತರೊಬ್ಬರು ಐದಾರು ವರ್ಷ ಮುಚ್ಚಿಟ್ಟಿದ್ದ ರೇಡಿಯೋವನ್ನು ಕೌದಿಯಲ್ಲಿ ಸುತ್ತಿ ತಂದಿದ್ದರು. ಗುರುಗಳು ಊಟಕ್ಕೆ ಹೋದ ಹೊತ್ತು ನೋಡಿ ನಾನು ನೇರವಾಗಿ ಕರೆಂಟ್ ಕೊಟ್ಟೆ. ಒಂದು ನಿಮಿಷ ಗುಂಯ್ ಅಂದಿತು, ಮೇಣ ಸುಟ್ಟ ವಾಸನೆ ಬಂತು, ಔಟ್‌ಪುಟ್ ವಾಲ್ವಿನ ಒಳಗಿನ ತಗಡು ಕೆಂಡದಂತೆ ಕೆಂಪಾಯಿತು. ಆಮೇಲೆ ಏನೂ ಇಲ್ಲ. ಕೂದಲೆಳೆಯಷ್ಟು ಸಣ್ಣ ತಂತಿ ಸುತ್ತಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ತಪ್ಪು ಮಾಡಿದ್ದು ಬೆರಳಿನಷ್ಟೂ ಇಲ್ಲದ ಒಂದು ಕಾಗದದ ಕಂಡೆನ್ಸರ್. ಹೆಚ್ಚಿನ ವೋಲ್ಟೇಜನ್ನು ತಡೆದು ಹಾಡಿನ ಅಲೆಯನ್ನಷ್ಟೇ ಮುಂದಿನ ವಾಲ್ವಿಗೆ ದಾಟಿಸುವುದು ಅದರ ಕೆಲಸ. ವರ್ಷಗಟ್ಟಲೆ ತೇವ ಕುಡಿದು ಅದು ಸೋರುತ್ತಿತ್ತು, ತಡೆಯಬೇಕಾದ ವೋಲ್ಟೇಜನ್ನೇ ಒಳಗೆ ಬಿಟ್ಟಿತು. ನಿನ್ನ ರೇಡಿಯೋದಲ್ಲೂ ಅದು ಇದೆ. 0.01 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಎಲ್ಲಕ್ಕಿಂತ ಮೊದಲು ಅದನ್ನೇ ಬದಲಿಸು.

ವಾಲ್ವುಗಳ ಮೇಲಿನ ಅಕ್ಷರಗಳು ಫೋಟೋದಲ್ಲಿ ನನಗೆ ಕಾಣಿಸಿದವು: ಇಸಿಎಚ್ 81, ಇಬಿಎಫ್ 89, ಇಸಿಎಲ್ 82, ಇಝಡ್ 80. ಮೊದಲ ಅಕ್ಷರ ‘ಇ’ ಇದ್ದರೆ ಒಳಗಿನ ತಂತಿ 6.3 ವೋಲ್ಟಿಗೆ ಕಾಯುತ್ತದೆ, ಅಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ ಇದ್ದಿದ್ದರೆ ನಾನು ಬೇಡವೇ ಬೇಡ ಅನ್ನುತ್ತಿದ್ದೆ. ಆ ಬಗೆಯ ಎಸಿ-ಡಿಸಿ ಸೆಟ್ಟುಗಳಲ್ಲಿ ಗೋಡೆಯ ಕರೆಂಟು ಸೀದಾ ಚಾಸಿಗೇ ಬಂದಿರಬಹುದು. ಆದರೂ ಮೀಟರ್ ಇಟ್ಟು ನೋಡಿಕೋ, ಪ್ಲಗ್ಗಿನ ಎರಡೂ ಕಡ್ಡಿಗಳಿಗೂ ಚಾಸಿಗೂ ಸಂಪರ್ಕ ಇರಬಾರದು. ಒಂದು ವಾಲ್ವಿನ ಮೇಲೆ ಬಿಇಎಲ್ ಮುದ್ರೆ ಇದೆ, ಗಮನಿಸಿದೆಯಾ? ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವು ಮಾಡತೊಡಗಿತು. ಆ ವಾಲ್ವು ಹಾಕಿದವನು ನಾನೇ. ಚಾಸಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಾರೀಕು ಇರಬೇಕು ನೋಡು, 1973ರದು. ರಿಪೇರಿ ಮಾಡಿದ ದಿನವನ್ನು ಚಾಸಿಯ ಮೇಲೆ ಬರೆದಿಡುವುದನ್ನು ಗುರುಗಳಿಂದ ಕಲಿತಿದ್ದೆ.

ಇನ್ನು ಸೀರೀಸ್ ಲ್ಯಾಂಪ್. ಹಳೇ ಕಾಲದ 60 ವ್ಯಾಟಿನ ತಂತಿಯ ಬಲ್ಬನ್ನು ರೇಡಿಯೋಗೆ ಹೋಗುವ ಒಂದು ವೈರಿನ ನಡುವೆ ಸೇರಿಸಿ ಒಂದು ಹಲಗೆಯ ಮೇಲೆ ಕೂಡಿಸು. ಎಲ್‌ಇಡಿ ನಡೆಯುವುದಿಲ್ಲ. ಕರೆಂಟ್ ಕೊಟ್ಟಾಗ ಬಲ್ಬು ಮೊದಲು ಬೆಳಗಿ, ವಾಲ್ವುಗಳು ಕಾದಂತೆ ಮಂಕಾದರೆ ನೆಮ್ಮದಿ. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ಕೂಡಲೇ ಪ್ಲಗ್ ತೆಗೆ. ತೆಗೆದ ಮೇಲೂ ದೊಡ್ಡ ಫಿಲ್ಟರ್ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. 10 ಸಾವಿರ ಓಮಿನ ದಪ್ಪ ರೆಸಿಸ್ಟರನ್ನು ಹಿಡಿಕೆಯಿರುವ ಕ್ಲಿಪ್ಪಿನಿಂದ ಚಾಸಿಗೆ ತಾಗಿಸಿ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕು. ಕರೆಂಟ್ ಇದ್ದಾಗ ಅಳೆಯಬೇಕಾದರೆ ಎಡಗೈ ಕಿಸೆಯಲ್ಲಿರಲಿ. ಮನೆಯಲ್ಲಿ ಯಾರೂ ಇಲ್ಲದಾಗ ಈ ಕೆಲಸಕ್ಕೆ ಕೂಡಬೇಡ. ಇಷ್ಟನ್ನು ನನ್ನ ಮೇಲೆ ಆಣೆ ಇಟ್ಟು ಪಾಲಿಸು.

ಕಂಡೆನ್ಸರುಗಳನ್ನು ಒಮ್ಮೆಗೇ ಕಿತ್ತುಹಾಕುವವರಿದ್ದಾರೆ. ನೀನು ನೇಕಾರರ ಮನೆಯವನು, ನಿನಗೆ ಬೇರೆ ರೀತಿಯಲ್ಲಿ ಹೇಳುತ್ತೇನೆ. ಮಗ್ಗದ ಮೇಲೆ ಹಾಸು ಮುಗಿಯುವ ಹೊತ್ತಿಗೆ ನಿನ್ನ ಆಯಿ ಹಳೆಯ ಒಂದೊಂದು ಎಳೆಗೆ ಹೊಸ ಒಂದೊಂದು ಎಳೆ ಹೊಸೆಯುವುದನ್ನು ಕಂಡಿದ್ದೀಯ. ಒಂದು ಎಳೆ ತಪ್ಪಿದರೆ ಸೀರೆಯುದ್ದಕ್ಕೂ ತಪ್ಪು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವಾಗಲೂ ಅಷ್ಟೇ ನಿಧಾನ. ಹಾಗೆಯೇ ಒಂದು ಕಂಡೆನ್ಸರ್ ಬಿಚ್ಚು, ಅದೇ ಜಾಗಕ್ಕೆ ಹೊಸದನ್ನು ಬೆಸೆ, ಬಲ್ಬಿನ ಹಲಗೆಯ ಮೇಲೆ ಪರೀಕ್ಷಿಸು, ಆಮೇಲೆ ಮುಂದಿನದು. ಬಿಚ್ಚುವ ಮೊದಲು ಫೋಟೋ ತೆಗೆ, ಕೈಯಿಂದ ಚಿತ್ರವನ್ನೂ ಬರೆ. ಬರೆದಾಗ ಕಾಣುವುದು ಫೋಟೋದಲ್ಲಿ ಕಾಣುವುದಿಲ್ಲ. 630 ವೋಲ್ಟಿನ ಫಿಲ್ಮ್ ಕಂಡೆನ್ಸರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಬೆಸುಗೆಗೆ ರಾಳದ ಫ್ಲಕ್ಸ್ ಇರುವ ತಂತಿಯೇ ಬೇಕು. ತಗಡಿನ ಕೆಲಸದವರ ಆ್ಯಸಿಡ್ ತಾಗಿದರೆ ತಾಮ್ರವನ್ನು ತಿಂದುಹಾಕುತ್ತದೆ. ಡಯಲ್ಲಿನ ದಾರ ಹರಿದಿದೆಯಲ್ಲ, ಮನೆಯಲ್ಲಿ ನೂಲಿಗೆ ಬರವಿಲ್ಲವೆಂದು ಹತ್ತಿಯದನ್ನು ಸುತ್ತಬೇಡ. ಜಗ್ಗಿ ಮುಳ್ಳು ಜಾರುತ್ತದೆ. ಹೆಣೆದ ನೈಲಾನ್ ದಾರ ತರಿಸು.

ನಿನ್ನ ಗೆಳೆಯ ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಬೋರ್ಡು ಕೂಡಿಸೋಣ ಅಂದನಂತೆ. ಬೇಡ ತಮ್ಮಾ. ಪೆಟ್ಟಿಗೆಯನ್ನು ಉಜ್ಜಿ ಹೊಸ ಪಾಲಿಶ್ ಹೊಡೆಯುವುದೂ ಬೇಡ. ಬಾದಾಮಿಯ ಮೂರನೆಯ ಗುಹೆಯ ಚಾವಣಿಯಲ್ಲಿ ಅಳಿದುಳಿದ ಬಣ್ಣವನ್ನು ನಿನಗೆ ತೋರಿಸಿದ್ದೆ, ನೆನಪಿದೆಯಾ? ಆ ಗುಹೆಯ ಶಾಸನ 578ನೆಯ ಇಸವಿಯದು. ಇದ್ದದ್ದನ್ನು ಕಾಯುತ್ತಾರೆಯೇ ಹೊರತು ಅದರ ಮೇಲೆ ಯಾರೂ ಹೊಸ ಬಣ್ಣ ಬಳಿಯುವುದಿಲ್ಲ. ಹಸಿಯಾಗಿ ಹಿಂಡಿದ ಬಟ್ಟೆಯಿಂದ ಪೆಟ್ಟಿಗೆಯ ಧೂಳು ಒರೆಸು, ಸಾಕು. ಸುಣ್ಣದ ಕಲೆ ಇರಲಿ.

ಆ ಪೆಟ್ಟಿಗೆಯಿಂದ ಏನು ಬರುತ್ತಿತ್ತು ಎನ್ನುವುದು ನಿನಗೆ ಗೊತ್ತಿರಬೇಕು. ಡಯಲ್ ಕಾಜಿನ ಮೇಲೆ ಅಲೆಯುದ್ದದ ಮೀಟರ್ ಅಂಕಿಗಳಿವೆ. 392ರ ಹತ್ತಿರ ಕೆಂಪು ಬಣ್ಣದ ಒಂದು ಚುಕ್ಕೆ ಇದೆಯಲ್ಲ, ಅದನ್ನು ಇಟ್ಟವನು ನಿನ್ನ ಮುತ್ಯಾ. ಅದು ಧಾರವಾಡ, 765 ಕಿಲೋಹರ್ಟ್ಸ್. ಮುಳ್ಳು ಅಲ್ಲಿಗೆ ಬಂದಾಗ ಇಸಿಎಚ್ 81 ತಾನೇ 1220 ಕಿಲೋಹರ್ಟ್ಸಿನ ಇನ್ನೊಂದು ಅಲೆ ಹುಟ್ಟಿಸುತ್ತದೆ. ಎರಡರ ನಡುವಿನ ವ್ಯತ್ಯಾಸ 455. ಯಾವ ಸ್ಟೇಷನ್ ಹಿಡಿದರೂ ಆ ವ್ಯತ್ಯಾಸ ಅಷ್ಟೇ ಉಳಿಯುವಂತೆ ಗ್ಯಾಂಗ್ ಕಂಡೆನ್ಸರಿನ ಎರಡು ಭಾಗಗಳು ಒಂದೇ ದಂಡದ ಮೇಲೆ ಒಟ್ಟಿಗೆ ತಿರುಗುತ್ತವೆ. ಇದನ್ನು ಮೊದಲು ಅರ್ಥ ಮಾಡಿಕೊಂಡ ದಿನ ನಾನು ಊಟ ಮರೆತು ಗ್ಯಾಂಗ್ ತಿರುಗಿಸುತ್ತಾ ಕೂತಿದ್ದೆ.

ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 1935ರಲ್ಲಿ ಆಕಾಶವಾಣಿ ಶುರು ಮಾಡಿದ್ದರು. ಆದರೆ ನಮ್ಮ ಸೀಮೆಗೆ ರೇಡಿಯೋ ಅಂದರೆ 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ. ಆಗ ಇಳಕಲ್ಲು ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಮನೆಗಳಿಗೆ ಕನ್ನಡ ಗಾಳಿಯಲ್ಲಿ ಬಂತು. ಮಲ್ಲಿಕಾರ್ಜುನ ಮನಸೂರರು ಆ ಕೇಂದ್ರದ ಸಂಗೀತ ಸಲಹೆಗಾರರಾಗಿದ್ದರು. ಅವರ ದನಿ ಬಂದರೆ ನಿನ್ನ ಮುತ್ಯಾ ಲಾಳಿ ನಿಲ್ಲಿಸಿ ಕುಣಿಯಲ್ಲೇ ಕಣ್ಣು ಮುಚ್ಚಿ ಕೂಡುತ್ತಿದ್ದ. ಬುಧವಾರ ರಾತ್ರಿ 8ಕ್ಕೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ. ಅದಕ್ಕಾಗಿ ಶಾರ್ಟ್ ವೇವಿಗೆ ತಿರುಗಿಸಿದರೆ ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ. ನಿನ್ನ ಆಯಿ ಗೋಡೆಗೆ ಒರಗಿ ಕಂಡಿಕೆ ಸುತ್ತುತ್ತಿದ್ದಳು, ರಾಟಿಯ ಸದ್ದು ಹಾಡಿಗೆ ಅಡ್ಡ ಬರದ ಹಾಗೆ ಕೈ ಹಗುರ ಮಾಡಿಕೊಂಡು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ 15 ರೂಪಾಯಿ ಲೈಸೆನ್ಸ್ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುವುದು ನನ್ನ ಕೆಲಸವಾಗಿತ್ತು.

ಆಲಮಟ್ಟಿಯ ಹಿನ್ನೀರು ಏರಿ ಹಳೇ ಬಾಗಲಕೋಟೆಯ ಓಣಿಗಳು ಖಾಲಿಯಾದಾಗ ಜನ ಎಷ್ಟೋ ರೇಡಿಯೋಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು. ಹೊಸ ಮನೆಯಲ್ಲಿ ಜಾಗವಿಲ್ಲ, ಹಚ್ಚಿದರೆ ಮಾತಾಡುವುದಿಲ್ಲ, ಅವರದೇನೂ ತಪ್ಪಿಲ್ಲ. ನಾನು ಗುಜರಿ ಅಂಗಡಿಯ ಮುಂದೆ ಕೂತು ವಾಲ್ವುಗಳನ್ನಷ್ಟೇ ಬಿಚ್ಚಿಕೊಂಡು ಬಂದೆ. ಪೆಟ್ಟಿಗೆಗಳನ್ನು ಉಳಿಸಿಕೊಳ್ಳಲು ಆಗಲಿಲ್ಲ. ಆ ವಾಲ್ವುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಒಂದೊಂದಾಗಿ ಕಾಗದ ಸುತ್ತಿ ಇಟ್ಟಿದ್ದೇನೆ. ಇನ್ನು ಅವು ನಿನ್ನವು. ನೀನು ಹುನಗುಂದಕ್ಕೆ ಕಾಲೇಜಿಗೆ ಬಂದ ದಿನ ಇಲ್ಲಿಗೂ ಒಂದು ಬಸ್ಸು ಹತ್ತಿ ಬಾ, ಇಬಿಎಫ್ 89 ಎರಡಿವೆ, ಇಸಿಎಲ್ 82 ಒಂದಿದೆ.

ಕೆಲಸ ಮುಗಿದ ಮೇಲೆ ಸಂಜೆ ಹೊತ್ತಿನಲ್ಲಿ ಹಚ್ಚು. ಮನೆಯ ಎಲ್‌ಇಡಿ ದೀಪಗಳನ್ನೂ ಮೊಬೈಲ್ ಚಾರ್ಜರುಗಳನ್ನೂ ಆರಿಸು, ಅವುಗಳ ಗರಗರ ಸದ್ದು ಮೀಡಿಯಂ ವೇವಿಗೆ ಸೇರಿಕೊಳ್ಳುತ್ತದೆ. ಏರಿಯಲ್ಲಿಗೆ ಹತ್ತು ಮೀಟರ್ ತಾಮ್ರದ ತಂತಿ, ಜಂತಿಯಿಂದ ಜಂತಿಗೆ. ವಾಲ್ವು ಕಾಯಲು ಅರ್ಧ ನಿಮಿಷ ಬೇಕು, ಆತುರಪಟ್ಟು ಗುಂಡಿ ತಿರುಗಿಸಬೇಡ. ಮುಳ್ಳನ್ನು ಕೆಂಪು ಚುಕ್ಕೆಗೆ ತರುವ ಮೊದಲು ನಿನ್ನ ಆಯಿಯನ್ನು ಕರೆದು ಹತ್ತಿರ ಕೂಡಿಸಿಕೋ.

ಇತಿ ನಿನ್ನ
ಸಣ್ಣ ಮುತ್ಯಾ

ತಾ.ಕ.: ವಾಲ್ಯೂಮ್ ಕಂಟ್ರೋಲಿನ ಹಿಂದೆ ದಪ್ಪಗೆ, ಸೊಟ್ಟಗೆ ಒಂದು ಬೆಸುಗೆ ಕಾಣುತ್ತದೆ. ಅದು ನನ್ನದಲ್ಲ. 1973ರ ಆ ದಿನ ನಿನ್ನ ಮುತ್ಯಾ ನಾನೂ ಒಂದು ಹಾಕುತ್ತೇನೆ ಅಂದು ಐರನ್ ಇಸಿದುಕೊಂಡು ಹಾಕಿದ್ದು. ಮೀಟರಿನಲ್ಲಿ ಅದು ಸರಿಯಾಗಿ ತೋರಿಸಿದರೆ ಮುಟ್ಟಬೇಡ. ನನ್ನ ಪೆನ್ಸಿಲಿನ ತಾರೀಕಿನ ಕೆಳಗೆ ನಿನ್ನದನ್ನು ಬರೆ.