ಮೊದಲು ಒಳಕೋಣೆಗೆ ಹೋಗಿ

ಯೌವನಸ್ಥರೇ, ಆದಿಕಾಂಡ 43:30-31 ತೆಗೆಯಿರಿ. ಯೋಸೇಫನ ಎದುರಿಗೆ ಅವನನ್ನು ಮಾರಿದ ಅಣ್ಣಂದಿರಿದ್ದಾರೆ, ತಮ್ಮ ಬೆನ್ಯಾಮೀನನೂ ಇದ್ದಾನೆ. ಕರುಳು ಕರಗಿತು. ಅವನೇನು ಮಾಡಿದ? ಒಳಕೋಣೆಗೆ ಹೋಗಿ ಅತ್ತ, ಮುಖ ತೊಳೆದುಕೊಂಡು ಹೊರಗೆ ಬಂದು ಊಟ ಬಡಿಸಲು ಹೇಳಿದ.

ನಮ್ಮ ಸಭೆಗಳಲ್ಲಿ ನಾನು ನೋಡೋದೇ ಬೇರೆ. ಮನಸ್ಸು ನೊಂದ ಕೂಡಲೇ ವಾಟ್ಸ್ಆ್ಯಪ್ ಸ್ಟೇಟಸ್, ಇಲ್ಲಾಂದ್ರೆ ಮಾತು ಬಿಡೋದು. ಪ್ರಿಯರೇ, ಮಾತು ಬಿಡೋದು ಮೌನವಲ್ಲ, ಅದು ಶಿಕ್ಷೆ. ದೇವರ ಮುಂದಿನ ಮೌನವಾದರೆ ನಮ್ಮನ್ನು ಅದೇ ಸಹೋದರರ ಜೊತೆ ಊಟಕ್ಕೆ ಕೂರಿಸುತ್ತೆ.

45ನೇ ಅಧ್ಯಾಯದಲ್ಲಿ ಯೋಸೇಫ ಐಗುಪ್ತ್ಯರನ್ನೆಲ್ಲಾ ಹೊರಗೆ ಕಳಿಸಿ, ಆಮೇಲೆ ಅಣ್ಣಂದಿರಿಗೆ ತನ್ನ ಗುರುತು ಹೇಳಿದ. ಅವರ ತಪ್ಪನ್ನು ಹೊರಗಿನವರ ಮುಂದೆ ಎತ್ತಲಿಲ್ಲ.

ಈ ವಾರ ಹತ್ತು ನಿಮಿಷ ಫೋನ್ ಬದಿಗಿಟ್ಟು ಕರ್ತನ ಮುಂದೆ ಕೂತ್ಕೊಳ್ಳಿ. ಅಳು ಬಂದರೆ ಅಲ್ಲೇ ಅಳಿ. ಆಮೇಲೆ ಎದ್ದು ಆ ಸಹೋದರನ ಹತ್ತಿರ ಒಬ್ಬರೇ ಹೋಗಿ. ಆಮೆನ್.